ಕಣ್ಸನ್ನೆಯ ಚರಿತ್ರೆ

ವಿಜಯಪುರವನ್ನು ಹಿಂದೆ ವಡಿಗೇನಹಳ್ಳಿ ಎಂದು ಕರೆಯುತ್ತಿದ್ದರು. ದೇವನಹಳ್ಳಿಯಿಂದ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಈ ಊರಿಗೆ ಹೊಸಬರು ಬಂದರೆ ಮೊದಲು ಪರಿಚಯವಾಗುವುದು ಮೂಗಿಗೆ. ಬೆಂದ ರೇಷ್ಮೆಹುಳುವಿನ ಆ ವಾಸನೆಯನ್ನು ನಾನು ವರ್ಣಿಸಲು ಹೋಗುವುದಿಲ್ಲ. ಅದರಲ್ಲೇ ಹುಟ್ಟಿ ಬೆಳೆದ ನಮಗೆ ಅದು ವಾಸನೆ ಎಂದೇ ಅನ್ನಿಸುತ್ತಿರಲಿಲ್ಲ. ಊರ ತುಂಬ ಚರಕದ ಮನೆಗಳು. ನಮ್ಮ ದೊಡ್ಡಪ್ಪನದೂ ಅಂಥದೊಂದು. ಅವರು ಬಿಸಿನೀರಿನ ಬಾನಿಯ ಮುಂದೆ ಕುಳಿತು ಗೂಡುಗಳಿಂದ ಎಳೆ ಹಿಡಿದು ಕೂಡಿಸುತ್ತಿದ್ದರು. ಶಾಲೆಗೆ ರಜೆ ಬಂತೆಂದರೆ ರಾಟೆ ತಿರುಗಿಸುವ ಕೆಲಸ ನನ್ನದು.

ದೊಡ್ಡಪ್ಪನ ಎರಡು ಕೈಯೂ ಕುದಿಯುವ ನೀರಿನಲ್ಲಿ. ಬಾಯಲ್ಲಿ ಸದಾ ಎಲೆಅಡಿಕೆ. ಆದ್ದರಿಂದ ನನಗೆ ಆಜ್ಞೆಗಳೆಲ್ಲ ಕಣ್ಣಿನಿಂದಲೇ ಬರುತ್ತಿದ್ದವು. ನಿಧಾನ ತಿರುಗಿಸು, ನಿಲ್ಲಿಸು, ಒಲೆಗೆ ಸೌದೆ ಹಾಕು. ಈ ಮೂರನ್ನೂ ಅವರು ಹುಬ್ಬು ಕೂಡ ಕುಣಿಸದೆ ಹೇಳುತ್ತಿದ್ದರು. ಅವರ ಕಣ್ಣಿಗೆ ಇನ್ನೊಂದು ಕೆಲಸವೂ ಇತ್ತು. ನೂಲು ಎಲ್ಲಿ ತೆಳುವಾಯಿತು, ಯಾವ ಗೂಡು ಬರಿದಾಯಿತು ಎಂದು ನೋಡುತ್ತಲೇ ಇರಬೇಕು. ತೆಳುವಾದ ಕೂಡಲೇ ಇನ್ನೊಂದು ಗೂಡಿನ ಎಳೆಯನ್ನು ಸೇರಿಸಬೇಕು. ಒಂದೇ ಕಣ್ಣು ಕೆಲಸವನ್ನೂ ನೋಡುತ್ತಿತ್ತು, ನನ್ನನ್ನೂ ಆಳುತ್ತಿತ್ತು. ಯಾವ ನೋಟ ನೂಲಿಗೆ, ಯಾವ ನೋಟ ನನಗೆ ಎಂಬ ಗೊಂದಲ ಒಂದು ದಿನವೂ ನನಗಾಗಲಿಲ್ಲ. ಆಜ್ಞೆ ಕೊಡುವಾಗ ಅವರು ಮೊದಲು ನನ್ನ ಮುಖ ನೋಡುತ್ತಿದ್ದರು, ನಾನೂ ಅವರ ಮುಖ ನೋಡುವವರೆಗೆ ಕಾಯುತ್ತಿದ್ದರು, ಆಮೇಲೆ ಒಲೆಯ ಕಡೆ ನೋಡುತ್ತಿದ್ದರು. ಇಷ್ಟೇ ಗುಟ್ಟು. ಈ ಗುಟ್ಟನ್ನು ಯಂತ್ರಗಳಿಗೆ ಕಲಿಸಲು ಜಗತ್ತಿನ ದೊಡ್ಡ ದೊಡ್ಡ ಪ್ರಯೋಗಾಲಯಗಳು ಎಷ್ಟೋ ದಶಕ ಹೆಣಗಿದ ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿಯುವ ಹೊತ್ತಿಗೆ ನಾನು ಸ್ವತಃ ಒಂದು ತಪ್ಪು ಮಾಡಿ ಆಗಿತ್ತು.

ನಾನು ವಿಜ್ಞಾನಿಯಲ್ಲ. ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಕಣ್ಸನ್ನೆ ಎಂಬ ಮಾತನ್ನು ನಮ್ಮಲ್ಲಿ ಸಾಮಾನ್ಯವಾಗಿ ಪ್ರೇಮಿಗಳ ವಿಷಯದಲ್ಲಿ ಬಳಸುತ್ತಾರೆ. ಇಲ್ಲಿ ನಾನು ಹೇಳಹೊರಟಿರುವುದು ಮನುಷ್ಯನಿಗೂ ಯಂತ್ರಕ್ಕೂ ನಡುವೆ ನಡೆದ ಕಣ್ಸನ್ನೆಯ ಚರಿತ್ರೆ.

ಕಣ್ಣು ಹೇಗೆ ಚಲಿಸುತ್ತದೆ ಎಂಬುದನ್ನು ಮನುಷ್ಯ ಬಹುಕಾಲ ಗಮನಿಸಿಯೇ ಇರಲಿಲ್ಲ. ಓದುವಾಗ ಕಣ್ಣು ಸಾಲಿನ ಮೇಲೆ ನೀರು ಹರಿದಂತೆ ಸಾಗುತ್ತದೆಂದು ನಾವೆಲ್ಲ ನಂಬಿರುತ್ತೇವೆ. ಹಾಗಲ್ಲ, ಅದು ಮಿಡತೆಯಂತೆ ಹಾರಿ ಹಾರಿ ಕೂರುತ್ತದೆ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, 1870ರ ದಶಕ ಮುಗಿಯುವ ಹೊತ್ತಿಗೆ, ಪ್ಯಾರಿಸ್ಸಿನ ಕಣ್ಣಿನ ವೈದ್ಯ ಎಮಿಲ್ ಜವಾಲ್ ಅವರ ಪ್ರಯೋಗಾಲಯದಿಂದ ಹೊರಬಂದ ವಿಷಯ. ಸೆಕೆಂಡಿಗೆ ಮೂರು ನಾಲ್ಕು ಸಲ ಕಣ್ಣು ಜಿಗಿಯುತ್ತದೆ. ಜಿಗಿತದ ನಡುವಿನ ಚಿಕ್ಕ ನಿಲುಗಡೆಯಲ್ಲಿ ಮಾತ್ರ ನಾವು ಸರಿಯಾಗಿ ನೋಡುತ್ತೇವೆ.

ಅಮೆರಿಕದ ಎಡ್ಮಂಡ್ ಹ್ಯೂಯಿ ಈ ಜಿಗಿತವನ್ನು ಬರೆದಿಡಬೇಕೆಂದು ಹೊರಟರು. ಕಣ್ಣಿಗೆ ಮರಗಟ್ಟುವ ಔಷಧಿ ಹಾಕಿ, ನಡುವೆ ರಂಧ್ರವಿರುವ ಪ್ಲಾಸ್ಟರ್ ಬಟ್ಟಲೊಂದನ್ನು ಕಣ್ಣುಗುಡ್ಡೆಗೇ ಅಂಟಿಸಿ, ಅದಕ್ಕೆ ಅಲ್ಯೂಮಿನಿಯಂ ಕಡ್ಡಿ ಜೋಡಿಸಿ, ಕಣ್ಣು ಕದಲಿದಂತೆ ಕಡ್ಡಿ ಮಸಿ ಹಿಡಿದ ಉರುಳೆಯ ಮೇಲೆ ಗೀಚುವಂತೆ ಮಾಡಿದರು. ಓದುವಿಕೆಯ ಮನಶ್ಶಾಸ್ತ್ರದ ಬಗ್ಗೆ ಅವರ ಪುಸ್ತಕ 1908ರಲ್ಲಿ ಬಂತು. ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಅದೃಷ್ಟವಶಾತ್ ಅಷ್ಟರಲ್ಲಿ ಸೌಮ್ಯವಾದ ದಾರಿಯೊಂದು ಸಿಕ್ಕಿತ್ತು. 1901ರಲ್ಲಿ ಡಾಡ್ಜ್ ಮತ್ತು ಕ್ಲೈನ್ ಎಂಬಿಬ್ಬರು ಕಣ್ಣಿನ ಮೇಲೆ ಬೆಳಕು ಬಿಟ್ಟು, ಕರಿಗುಡ್ಡೆಯ ಮುಂದಿನ ಪಾರದರ್ಶಕ ಪೊರೆಯಲ್ಲಿ ಹೊಳೆಯುವ ಚುಕ್ಕೆಯನ್ನು ಚಲಿಸುವ ಫೋಟೋ ಫಲಕದ ಮೇಲೆ ಹಿಡಿದರು.

ಇಂದಿನ ಯಂತ್ರಗಳಲ್ಲೂ ಬಹುಪಾಲು ಇದೇ ಉಪಾಯ. ನಮಗೆ ಕಾಣದ ಅವಕೆಂಪು ಬೆಳಕನ್ನು ಕಣ್ಣಿನ ಮೇಲೆ ಬಿಡುತ್ತಾರೆ. ಕಣ್ಣು ತಿರುಗಿದಾಗ ಪಾಪೆಯ ನಡುಬಿಂದು ಸರಿಯುತ್ತದೆ, ಹೊಳೆಯುವ ಚುಕ್ಕೆ ಅಷ್ಟಾಗಿ ಸರಿಯುವುದಿಲ್ಲ. ಎರಡರ ನಡುವಿನ ಅಂತರವನ್ನು ಕ್ಯಾಮೆರಾ ಅಳೆದರೆ ಆ ಮನುಷ್ಯ ಪರದೆಯ ಯಾವ ಜಾಗವನ್ನು ನೋಡುತ್ತಿದ್ದಾನೆ ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಮೊದಲು ನಾಲ್ಕಾರು ಗೊತ್ತಾದ ಚುಕ್ಕೆಗಳನ್ನು ನೋಡಲು ಹೇಳಿ ಆ ವ್ಯಕ್ತಿಯ ಕಣ್ಣನ್ನು ಪರಿಚಯ ಮಾಡಿಕೊಳ್ಳುತ್ತದೆ, ಅಷ್ಟೆ.

ಇದು ಕಣ್ಣನ್ನು ಓದುವ ಕಥೆ. ಕಣ್ಣಿಗೆ ತೋರಿಸುವ ಕಥೆ ಬೇರೆ ಕಡೆಯಿಂದ ಹೊರಟಿತು. ತಲೆಗೆ ಕಟ್ಟಿಕೊಂಡು ಚಿತ್ರ ನೋಡುವ ಮುಖವಾಡವೊಂದಕ್ಕೆ ಮಾರ್ಟನ್ ಹೈಲಿಗ್ ಎಂಬ ಸಿನಿಮಾ ಕಲಾವಿದ ಅಮೆರಿಕದಲ್ಲಿ 1960ರಲ್ಲಿ ಪೇಟೆಂಟ್ ಪಡೆದ. ಅದರಲ್ಲಿ ತಲೆ ಯಾವ ಕಡೆ ತಿರುಗಿಸಿದರೂ ಚಿತ್ರ ಅದೇ. ತಲೆ ತಿರುಗಿದಂತೆ ದೃಶ್ಯವೂ ತಿರುಗಬೇಕೆಂದು, ಆ ದೃಶ್ಯವನ್ನು ಕಂಪ್ಯೂಟರಿನಿಂದಲೇ ಬರೆಸಿದವರು ಐವಾನ್ ಸದರ್ಲ್ಯಾಂಡ್. ತಮ್ಮ ವಿದ್ಯಾರ್ಥಿ ಬಾಬ್ ಸ್ಪ್ರೌಲ್ ಮೊದಲಾದವರೊಂದಿಗೆ ಅವರು ಕಟ್ಟಿದ ಸಾಧನದ ವಿವರ 1968ರಲ್ಲಿ ಪ್ರಕಟವಾಯಿತು. ಎರಡೂ ಕಣ್ಣಿಗೆ ಒಂದೊಂದು ಪುಟ್ಟ ಟಿ.ವಿ. ಕೊಳವೆ, ಎದುರಿಗೆ ಅರೆಪಾರದರ್ಶಕ ಕನ್ನಡಿ. ಆ ಕನ್ನಡಿಯಲ್ಲಿ ಕೋಣೆಯೂ ಕಾಣುತ್ತದೆ, ಕೋಣೆಯ ನಡುವೆ ಬೆಳಕಿನ ಗೆರೆಗಳ ಪೆಟ್ಟಿಗೆಯೊಂದು ತೇಲಿದಂತೆಯೂ ಕಾಣುತ್ತದೆ. ತಲೆ ಎತ್ತ ತಿರುಗಿತೆಂದು ತಿಳಿಯಲು ಚಾವಣಿಯಿಂದ ಇಳಿಬಿಟ್ಟ ಭಾರದ ತೋಳಿಗೆ ತಲೆಯನ್ನು ಸಿಕ್ಕಿಸಬೇಕಾಗಿತ್ತು. ಕುದುರೆಯ ಕೂದಲಿನಲ್ಲಿ ಕಟ್ಟಿ ನೆತ್ತಿಯ ಮೇಲೆ ತೂಗಿಬಿಟ್ಟ ಕತ್ತಿಯ ಗ್ರೀಕ್ ಕಥೆಯೊಂದಿದೆ. ಆ ಯಂತ್ರಕ್ಕೂ ಅದೇ ಹೆಸರು ನಿಂತಿತು, ಡಾಮೊಕ್ಲಿಸನ ಕತ್ತಿ.

ಇಂಥ ವಸ್ತು ವಿಜಯಪುರದವನ ಬದುಕಿನೊಳಗೆ ಹೇಗೆ ಬಂತು ಎಂದು ನೀವು ಕೇಳಬಹುದು. ಆಕಾಶದಿಂದ ಬಂತು ಎನ್ನಬೇಕು. ಯಲಹಂಕದ ವಾಯುನೆಲೆಯಲ್ಲಿ 1996ರಿಂದ ಎರಡು ವರ್ಷಕ್ಕೊಮ್ಮೆ ವಿಮಾನ ಪ್ರದರ್ಶನ ನಡೆಯುತ್ತ ಬಂದಿದೆ. ಆ ದಿನಗಳಲ್ಲಿ ನಮ್ಮ ಶಾಲೆಯಲ್ಲಿ ಪಾಠ ನಡೆಯುತ್ತಿರಲಿಲ್ಲ. ಸದ್ದು ಕೇಳಿದ ಕೂಡಲೇ ಮಕ್ಕಳು ಕಿಟಕಿಗೆ ಓಡುತ್ತಿದ್ದರು, ಅವರನ್ನು ಗದರಿಸುವ ನೆವದಲ್ಲಿ ನಾನೂ ಓಡುತ್ತಿದ್ದೆ. ಒಂದು ಸಲ ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಹೋದೆ. ವಿಮಾನಗಳಿಗಿಂತ ಹೆಚ್ಚಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದ ಒಂದು ಹೆಲ್ಮೆಟ್. ಅದರ ಮುಖಗವಚದ ಮೇಲೆಯೇ ಚಾಲಕನಿಗೆ ಗುರಿಯ ಗುರುತು ಮೂಡುತ್ತದೆಂದು ಅಲ್ಲಿದ್ದವರು ವಿವರಿಸಿದರು.

ಯುದ್ಧವಿಮಾನಗಳಲ್ಲಿ ಇದು ಹಳೆಯ ವಿದ್ಯೆ. ನಮ್ಮ ವಾಯುಪಡೆಗೆ 1987ರಲ್ಲಿ ಸೇರಿದ ಮಿಗ್-29 ಇಂಥ ಹೆಲ್ಮೆಟ್ ದರ್ಶಕಕ್ಕೇ ಹೆಸರಾದ ವಿಮಾನ. ಚಾಲಕ ಒಂದು ಕಣ್ಣಿನ ಮುಂದಿನ ಪುಟ್ಟ ಗಾಜಿನಲ್ಲಿ ಕಾಣುವ ವೃತ್ತವನ್ನು ಶತ್ರುವಿಮಾನದ ಮೇಲೆ ಕೂರಿಸುವಂತೆ ತಲೆ ತಿರುಗಿಸಬೇಕು. ತಲೆ ಎತ್ತ ತಿರುಗಿದೆ ಎಂದು ಕಾಕ್‌ಪಿಟ್‌ನ ಸಂವೇದಕಗಳು ಅಳೆಯುತ್ತವೆ, ಕ್ಷಿಪಣಿ ತನ್ನ ಮುಖವನ್ನು ಅತ್ತ ಹೊರಳಿಸುತ್ತದೆ. ಬೆಂಗಳೂರಿನಲ್ಲೇ ರೂಪುಗೊಂಡು, ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ 2001ರ ಜನವರಿ 4ರಂದು ಮೊದಲ ಸಲ ಹಾರಿದ ಹಗುರ ಯುದ್ಧವಿಮಾನ, ಮುಂದೆ ತೇಜಸ್ ಎಂದು ಹೆಸರಾದದ್ದು, ಅದರಲ್ಲೂ ಚಾಲಕನ ಎದುರಿಗೆ ಚಂಡೀಗಢದ ಸರ್ಕಾರಿ ಪ್ರಯೋಗಾಲಯ ರೂಪಿಸಿದ ಪಾರದರ್ಶಕ ಪರದೆಯಿತ್ತು. ತಲೆಗೆ ಇಸ್ರೇಲಿನ ಎಲ್ಬಿಟ್ ಸಂಸ್ಥೆಯ ಹೆಲ್ಮೆಟ್ ಬಂತು.

ಆ ದಿನ ಒಬ್ಬ ಹುಡುಗಿ ನನ್ನನ್ನು ಕೇಳಿದಳು: "ಸಾರ್, ಪೈಲಟ್ಟು ಸುಮ್ನೆ ಯಾರನ್ನೋ ನೋಡಿದ್ರೆ ಅವ್ರ ಮೇಲೂ ಬಾಂಬ್ ಬೀಳುತ್ತಾ?" ನನಗೆ ಉತ್ತರ ಗೊತ್ತಿರಲಿಲ್ಲ. ಅಲ್ಲಿದ್ದವರನ್ನು ಕೇಳಿದಾಗ ನಕ್ಕು, "ನೋಡಿದ್ರೆ ಗುರಿ ಅಷ್ಟೇ ಮಗಳೇ. ಹೊಡೀಬೇಕಾದ್ರೆ ಕೈಯಲ್ಲಿ ಗುಂಡಿ ಒತ್ತಬೇಕು" ಎಂದರು. ಹುಡುಗಿಗೆ ಸಮಾಧಾನವಾಯಿತು. ನಾನು ಆ ಉತ್ತರವನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ. ಅದನ್ನು ಮನೆಗೆ ತಂದಿದ್ದರೆ ಚೆನ್ನಾಗಿತ್ತು.

ಕೆಲವು ವರ್ಷಗಳ ನಂತರ ದೊಡ್ಡಪ್ಪನ ಕೈಯಿಂದ ಎಳೆ ಜಾರತೊಡಗಿತು. ಮೊದಲು ವಯಸ್ಸೆಂದುಕೊಂಡೆವು. ಆಮೇಲೆ ಕಾಲು ಎಡವಿತು, ಮಾತು ತೊದಲಿತು. ಬೆಂಗಳೂರಿನಲ್ಲಿ ವೈದ್ಯರು ಚಾಲಕ ನರಗಳ ರೋಗ ಎಂದರು. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ ಅದು. ಹೆಚ್ಚಿನವರಲ್ಲಿ ಬುದ್ಧಿ ಚುರುಕಾಗಿಯೇ ಉಳಿಯುತ್ತದೆ. ಕಣ್ಣನ್ನು ಕದಲಿಸುವ ಸ್ನಾಯುಗಳನ್ನು ರೋಗ ಸಾಮಾನ್ಯವಾಗಿ ಕೊನೆಯವರೆಗೂ ಮುಟ್ಟುವುದಿಲ್ಲ. 2006ರ ಹೊತ್ತಿಗೆ ದೊಡ್ಡಪ್ಪನಿಗೆ ಉಳಿದಿದ್ದು ಕಣ್ಣು ಮಾತ್ರ.

ನಾನು ಮೇಷ್ಟ್ರಲ್ಲವೇ, ರಟ್ಟಿನ ಮೇಲೆ ವರ್ಣಮಾಲೆ ಬರೆದೆ. ಆಗ ನನಗೆ ನಮ್ಮ ಹಿರಿಯರ ಜಾಣತನ ಹೊಳೆಯಿತು. ಇಂಗ್ಲಿಷಿನ ಅಕ್ಷರಗಳಿಗೆ ಒಂದು ಸಾಲು ಬಿಟ್ಟರೆ ಬೇರೆ ಕ್ರಮವಿಲ್ಲ. ನಮ್ಮ ವರ್ಗೀಯ ವ್ಯಂಜನಗಳು ಐದು ಸಾಲು, ಸಾಲಿಗೆ ಐದು, ಹುಟ್ಟುವಾಗಲೇ ಕೋಷ್ಟಕ. ಸಾಲುಗಳ ಮೇಲೆ ನಾನು ಬೆರಳು ಇಳಿಸುತ್ತ ಹೋಗುವುದು, ಬೇಕಾದ ಸಾಲು ಬಂದಾಗ ದೊಡ್ಡಪ್ಪ ಕಣ್ಣು ಮುಚ್ಚುವುದು; ಆಮೇಲೆ ಆ ಸಾಲಿನಲ್ಲಿ ಬೆರಳು ಸರಿಸುವುದು, ಮತ್ತೆ ಕಣ್ಣು ಮುಚ್ಚುವುದು. ಕವರ್ಗದಿಂದ ಪವರ್ಗದವರೆಗೆ ಐದು, ಯರಲವ ಒಂದು, ಶಷಸಹಳ ಒಂದು. ಸ್ವರಗಳನ್ನು ಮೇಲೆ ಬರೆದಿದ್ದರೂ ಅವಕ್ಕೆ ಹೋಗಿ ಬರುವಷ್ಟರಲ್ಲಿ ಅವರಿಗೆ ದಣಿವಾಗುತ್ತಿತ್ತು. ಆದ್ದರಿಂದ ವ್ಯಂಜನ ಮಾತ್ರ ಅವರು ಕೊಡುವುದು, ಕಾಗುಣಿತ ಒತ್ತಕ್ಷರಗಳನ್ನು ನಾವು ಊಹಿಸುವುದು ಎಂದಾಯಿತು. 'ನ ರ' ಎಂದರೆ ನೀರು. 'ಸ ಕ' ಎಂದರೆ ಸಾಕು, ಕೆಲವೊಮ್ಮೆ ಸೆಕೆ. ಇಷ್ಟಾದರೂ ಮನೆಯಲ್ಲಿ ಮತ್ತೆ ಮಾತು ಹುಟ್ಟಿತ್ತು.

ಆಗ ದೇವನಹಳ್ಳಿಯ ಬಳಿ ಹೊಸ ವಿಮಾನ ನಿಲ್ದಾಣದ ಕೆಲಸ ಶುರುವಾಗಿ ಸುತ್ತಲಿನ ನೆಲಕ್ಕೆಲ್ಲ ಬೆಲೆ ಬಂದಿತ್ತು. ನಮ್ಮ ಕಡೆ ಕೊಳ್ಳುವವರು ಮನೆ ಬಾಗಿಲಿಗೇ ಬರುತ್ತಿದ್ದರು. ಚರಕದ ಮನೆಯ ಜಾಗಕ್ಕೂ ಒಬ್ಬರು ಬಂದರು. ದೊಡ್ಡಪ್ಪನ ಮಗ, ನನ್ನ ಅಣ್ಣ, ಆಸ್ಪತ್ರೆಯ ಸಾಲದಲ್ಲಿ ಮುಳುಗಿದ್ದ. ಅವನದು ದುರಾಸೆಯಲ್ಲ. ಅಪ್ಪನನ್ನು ಕೇಳದೆ ಮಾರಬಾರದೆಂದೇ ನನ್ನನ್ನು ಕರೆಸಿದ. ದೊಡ್ಡಮ್ಮ ಆ ದಿನ ಊರಲ್ಲಿರಲಿಲ್ಲ. ಹೌದು ಅಲ್ಲ ಎನ್ನುವ ಪ್ರಶ್ನೆಗೆ ರಟ್ಟು ಯಾಕೆ ಎಂದು ನಾನು ಅದನ್ನು ಗೂಟದಿಂದ ಇಳಿಸಲೂ ಇಲ್ಲ. ಹಾಸಿಗೆಯ ಪಕ್ಕ ಕೂತು, "ದೊಡ್ಡಪ್ಪ, ಚರಕದ ಮನೆ ಕೊಟ್ಬಿಡಾಣ್ವಾ? ಸಾಲ ತೀರ್‍ತದೆ" ಎಂದೆ. ಅವರು ನನ್ನನ್ನೇ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತು ತೆರೆಯಲಿಲ್ಲ. ನಾನು ಹೊರಗೆ ಬಂದು, "ದೊಡ್ಡಪ್ಪ ಒಪ್ಪಿದ್ರು" ಎಂದೆ.

ಆ ಮಾತು ಹೇಳಿದವನು ನಾನು. ಕರಾರು ಪತ್ರದ ಮೇಲೆ ಅವರ ಹೆಬ್ಬೆಟ್ಟಿನ ಗುರುತು ಬಿತ್ತು. ಮುಂಗಡದ ಹಣ ಬಂದ ದಿನವೇ ಸಾಲಗಾರರ ಕೈಗೆ ಹೋಯಿತು.

ಎರಡು ದಿನದ ಮೇಲೆ ದೊಡ್ಡಮ್ಮ ಬಂದಿದ್ದರು. ದೊಡ್ಡಪ್ಪ ರಟ್ಟಿನ ಕಡೆಗೇ ನೋಡುತ್ತಿದ್ದರು. ನಾನು ಹಿಡಿದೆ. ಕ. ಆಮೇಲೆ ಳ. ಆಮೇಲೆ ಲ. ಮತ್ತೆ ಲ. ನಾನು 'ಕೊಳ್ಳಲಿಲ್ಲ' ಎಂದು ಓದಿದೆ. ಕೊಳ್ಳುವವರು ಬರಲಿಲ್ಲವೇ ಎಂದು ಕೇಳುತ್ತಿದ್ದಾರೆಂದುಕೊಂಡು, "ಕೊಂಡ್ಕೊಂಡ್ರು ದೊಡ್ಡಪ್ಪ, ಮುಂಗಡಾನೂ ಬಂತು" ಎಂದೆ. ಅವರ ಕಣ್ಣು ನನ್ನಿಂದ ದೊಡ್ಡಮ್ಮನ ಕಡೆಗೆ ಹೋಯಿತು. ದೊಡ್ಡಮ್ಮ ಓದು ಬಾರದವರು. ನನ್ನಿಂದ ಅಕ್ಷರಗಳನ್ನು ಇನ್ನೊಮ್ಮೆ ಹೇಳಿಸಿಕೊಂಡು, "ಕೇಳಲಿಲ್ಲ ಅಂತಾವ್ರೆ ಕಣೋ" ಎಂದರು.

ಕೇಳಲಿಲ್ಲ. ನಾನು ಕೇಳಿದ್ದೆನಲ್ಲ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಮನುಷ್ಯ ನಿಮಿಷಕ್ಕೆ ಹದಿನೈದು ಇಪ್ಪತ್ತು ಸಲ ಕಣ್ಣು ಮಿಟುಕಿಸುತ್ತಾನೆ. ದಣಿದರೆ ಮುಚ್ಚುತ್ತಾನೆ, ದುಃಖಕ್ಕೆ ಮುಚ್ಚುತ್ತಾನೆ, ಎದುರಿಗಿರುವವನ ಮುಖ ನೋಡಲಾರದೆಯೂ ಮುಚ್ಚುತ್ತಾನೆ. ಅವುಗಳಲ್ಲಿ ಒಂದನ್ನು ನಾನು ನನಗೆ ಬೇಕಾದ ಅರ್ಥದಲ್ಲಿ ತೆಗೆದುಕೊಂಡಿದ್ದೆ.

ದೊಡ್ಡಮ್ಮ ಅಂದಿನಿಂದ ಪದ್ಧತಿಯನ್ನೇ ಬದಲಾಯಿಸಿದರು. ಕಣ್ಣು ಮುಚ್ಚಿದರೆ ಅದಕ್ಕೆ ಅರ್ಥವೇ ಇಲ್ಲ. ಹೌದೆನ್ನಬೇಕಾದರೆ ಚಾವಣಿಯ ತೊಲೆಯನ್ನು ನೋಡಬೇಕು, ಅವರು ಮೂರು ಎಣಿಸುವವರೆಗೂ ಅಲ್ಲೇ ನೋಡುತ್ತಿರಬೇಕು. ಯಾವ ಪ್ರಶ್ನೆಯನ್ನಾದರೂ ಎರಡು ಸಲ ಕೇಳಬೇಕು, ಮೊದಲು "ಬೇಕಾ?" ಎಂದು, ಆಮೇಲೆ "ಬೇಡ್ವಾ?" ಎಂದು. ಎರಡಕ್ಕೂ ತೊಲೆ ನೋಡಿದರೆ ಪ್ರಶ್ನೆ ಅರ್ಥವಾಗಿಲ್ಲ ಎಂದು. ಈ ಕ್ರಮದಲ್ಲಿ ಅವರು ಚರಕದ ಮನೆಯ ವಿಷಯವನ್ನೂ ಕೇಳಿದರು. ಮಾರೋದು ಬೇಕಾ? ದೊಡ್ಡಪ್ಪನ ಕಣ್ಣು ತೊಲೆಗೆ ಹೋಗಲಿಲ್ಲ. ಬೇಡ್ವಾ? ಅದಕ್ಕೂ ಹೋಗಲಿಲ್ಲ. ಅವರು ದೊಡ್ಡಮ್ಮನನ್ನೇ ನೋಡುತ್ತ ಮಲಗಿದ್ದರು. ಕರಾರು ಮುರಿಯಲು ನಮ್ಮ ಬಳಿ ಹಣವಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಎಂಟು ತಿಂಗಳ ನಂತರ ಅವರು ತೀರಿಕೊಂಡರು.

ಕಣ್ಣಿಗೆ ಓಗೊಡುವ ಯಂತ್ರಗಳ ವಿಷಯವನ್ನು ನಾನು ಹುಡುಕಿ ಓದತೊಡಗಿದ್ದು ಅದಾದ ಮೇಲೆ. ಆಗ ನನಗೆ ಸಿಕ್ಕಿದ್ದು ರಾಬರ್ಟ್ ಜೇಕಬ್ ಎಂಬ ಸಂಶೋಧಕರ ಹೆಸರು. ಅಮೆರಿಕದ ನೌಕಾದಳದ ಪ್ರಯೋಗಾಲಯದಲ್ಲಿದ್ದಾಗ, 1990ರಲ್ಲಿ, ಅವರು ಕಣ್ಣಿನಿಂದ ಕಂಪ್ಯೂಟರ್ ನಡೆಸುವುದರ ಮೂಲ ತೊಡಕನ್ನು ಹೆಸರಿಟ್ಟು ಹೇಳಿದರು. ಮುಟ್ಟಿದ್ದೆಲ್ಲ ಚಿನ್ನವಾಗಲೆಂದು ವರ ಬೇಡಿದ ಮಿಡಾಸ್ ರಾಜ ಕೊನೆಗೆ ಅನ್ನವನ್ನೂ ಮುಟ್ಟಲಾಗದೆ ಕೂತನಲ್ಲ, ಕಣ್ಣಿನ ಯಂತ್ರದ್ದೂ ಅದೇ ಪಾಡು. ನೋಡಿದ್ದೆಲ್ಲ ಆಜ್ಞೆಯಾಗಿಬಿಟ್ಟರೆ ಮನುಷ್ಯ ಸುಮ್ಮನೆ ನೋಡುವುದು ಹೇಗೆ? ನಮಗೆ ಮಿಡಾಸನಿಗಿಂತ ಹತ್ತಿರದವನು ಭಸ್ಮಾಸುರ. ಕೈ ಇಟ್ಟಲ್ಲೆಲ್ಲ ಬೂದಿಯಾಗುವ ವರ ಸಿಕ್ಕವನಿಗೆ ತನ್ನ ತಲೆ ತುರಿಸಿಕೊಳ್ಳುವ ಸುಖವೂ ಇಲ್ಲ. ಇಲಿಯಂಥ ಮೌಸನ್ನು ಕೈಬಿಟ್ಟರೆ ಅದು ಸುಮ್ಮನಿರುತ್ತದೆ. ಕಣ್ಣನ್ನು ಕೈಬಿಡಲು ಬರುವುದಿಲ್ಲ, ಎಚ್ಚರವಿರುವಷ್ಟು ಹೊತ್ತೂ ಅದು ಏನನ್ನಾದರೂ ನೋಡುತ್ತಲೇ ಇರುತ್ತದೆ.

ಇದಕ್ಕೆ ಅವರು ಮತ್ತು ಅವರ ನಂತರದವರು ಕಂಡುಕೊಂಡ ಪರಿಹಾರಗಳು ಮುಖ್ಯವಾಗಿ ಎರಡು. ಒಂದು, ನೋಟ ಒಂದೇ ಕಡೆ ಗೊತ್ತಾದಷ್ಟು ಹೊತ್ತು, ಅರ್ಧ ಸೆಕೆಂಡೋ ಒಂದು ಸೆಕೆಂಡೋ, ನಿಂತರೆ ಮಾತ್ರ ಅದನ್ನು ಆಜ್ಞೆ ಎಂದು ತಿಳಿಯುವುದು. ಎರಡು, ಆರಿಸುವುದು ಕಣ್ಣು, ಒಪ್ಪಿಗೆ ಕೊಡುವುದು ಬೇರೆ ಅಂಗ. ಒಂದು ಗುಂಡಿ, ಒಂದು ಬೆರಳು. ಓದುತ್ತ ಓದುತ್ತ ನನಗೆ ನಗುವೂ ಬಂತು, ಎದೆಯೂ ಭಾರವಾಯಿತು. ಮೊದಲನೆಯದು ನಮ್ಮ ದೊಡ್ಡಮ್ಮನ ತೊಲೆ ಮತ್ತು ಮೂರರ ಎಣಿಕೆ. ಎರಡನೆಯದು ಯಲಹಂಕದಲ್ಲಿ ಆ ಹುಡುಗಿಗೆ ಸಿಕ್ಕ ಉತ್ತರ.

ಫ್ರಾನ್ಸಿನ ಪತ್ರಕರ್ತ ಜಾನ್-ಡೊಮಿನಿಕ್ ಬೋಬಿ 1995ರ ಡಿಸೆಂಬರಿನಲ್ಲಿ ಮಿದುಳಿನ ಆಘಾತಕ್ಕೆ ಸಿಕ್ಕಿ, ಎಡಗಣ್ಣಿನ ರೆಪ್ಪೆಯೊಂದನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ದೇಹ ಕಲ್ಲಾಯಿತು. ಎದುರಿಗೆ ಕೂತವರು ಅಕ್ಷರಗಳನ್ನು ಹೇಳುತ್ತ ಹೋಗುವರು, ಬೇಕಾದ್ದು ಬಂದಾಗ ಅವರು ರೆಪ್ಪೆ ಮಿಟುಕಿಸುವರು. ಅಕ್ಷರಗಳು ಎಂದಿನ ಕ್ರಮದಲ್ಲಿರಲಿಲ್ಲ. ಫ್ರೆಂಚಿನಲ್ಲಿ ಹೆಚ್ಚು ಬಳಕೆಯ ಅಕ್ಷರ ಮೊದಲು, ಅಪರೂಪದ್ದು ಕೊನೆಗೆ. ಹೀಗೆ ಮಿಟುಕಿಸಿಯೇ ಬರೆಸಿದ ಅವರ ಪುಸ್ತಕ 1997ರ ಮಾರ್ಚಿನಲ್ಲಿ ಬಂತು, ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಅಲ್ಲಿದ್ದ ಯಂತ್ರವೆಂದರೆ ತಾಳ್ಮೆಯಿಂದ ಕೂತ ಇನ್ನೊಬ್ಬ ಮನುಷ್ಯ.

ದೊಡ್ಡಪ್ಪನಿಗಿದ್ದ ಗುಂಪಿನ ಕಾಯಿಲೆಯೇ ಇದ್ದ ಸ್ಟೀಫನ್ ಹಾಕಿಂಗ್ 1985ರಲ್ಲಿ ದನಿ ಕಳೆದುಕೊಂಡರು. ಮೊದಲು ಬೆರಳಿನಿಂದ ಗುಂಡಿಯೊತ್ತಿ, ಬೆರಳೂ ಸೋತ ಮೇಲೆ ಕೆನ್ನೆಯ ಒಂದು ಸ್ನಾಯುವನ್ನು ಕುಗ್ಗಿಸಿ ಕಂಪ್ಯೂಟರಿನಲ್ಲಿ ಪದ ಆರಿಸುತ್ತಿದ್ದರು. ಕನ್ನಡಕಕ್ಕೆ ಸಿಕ್ಕಿಸಿದ ಅವಕೆಂಪು ಸಂವೇದಕ ಆ ಕೆನ್ನೆಯನ್ನು ಕಾಯುತ್ತಿತ್ತು. ಅವರಿಗೂ ಕಣ್ಣಿನ ಯಂತ್ರ ಕೊಟ್ಟು ನೋಡಿದರು, ಜೋತುಬಿದ್ದ ರೆಪ್ಪೆಗಳಿಂದಾಗಿ ಅದು ಹೊಂದಲಿಲ್ಲ. ಯಂತ್ರ ಎಷ್ಟೇ ಜಾಣನಾಗಿರಲಿ, ಒಬ್ಬರ ಕಣ್ಣಿನ ಲೆಕ್ಕ ಇನ್ನೊಬ್ಬರಿಗೆ ಬರುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಈ ಮಾತನ್ನು ಗಂಭೀರವಾಗಿ ತೆಗೆದುಕೊಂಡ ಕೆಲಸವೊಂದು ನಮ್ಮ ಹತ್ತಿರದಲ್ಲೇ ನಡೆದಿದೆ. ನಮ್ಮ ಕಡೆಯವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ತಂಡ, ಮಾತು ಮತ್ತು ಚಲನೆ ಎರಡೂ ಕುಂಠಿತವಾದ ತರುಣರಿಗಾಗಿ ಕಣ್ಣಿನಿಂದ ನಡೆಸುವ ಸಾಧನಗಳನ್ನು ಮಾಡಿದೆ. ಚೆನ್ನೈನ ವಿದ್ಯಾಸಾಗರ್ ಎಂಬ ಸಂಸ್ಥೆ ಅದರ ಜೊತೆಗಿತ್ತು. ಅಂಥ ತರುಣರ ಕಣ್ಣು ಪರದೆಯ ಎಲ್ಲ ಕಡೆಗೂ ಸಮನಾಗಿ ಓಡುವುದಿಲ್ಲ. ಕೆಲವರಿಗೆ ಒಂದು ಮೂಲೆ ಸುಲಭ, ಕೆಲವರ ಕಣ್ಣು ತಾನಾಗಿ ಜಾರುತ್ತದೆ. ಎಲ್ಲಿ ಅವರ ನೋಟ ನಿಲ್ಲುತ್ತದೋ ಅದನ್ನು ಮೊದಲು ಗಮನಿಸಿ ಗುಂಡಿಗಳನ್ನು ಅಲ್ಲಿಗೆ ತಂದಿಡಬೇಕು. ವಿಶೇಷ ಉಪಕರಣವಿಲ್ಲದೆ ಸಾಮಾನ್ಯ ವೆಬ್ ಕ್ಯಾಮೆರಾದಿಂದಲೇ ಕಣ್ಣನ್ನು ಓದಿ ಯಂತ್ರದ ತೋಳೊಂದನ್ನು ನಡೆಸುವ ವ್ಯವಸ್ಥೆಯ ಸುದ್ದಿ 2021ರಲ್ಲಿ ಬಂತು. ಆ ತೋಳಿನಿಂದ ಅವರು ಮಾಡಿಸಲು ಹೊರಟ ಕೆಲಸ ಬಟ್ಟೆಯ ಮೇಲೆ ಅಚ್ಚು ಹಾಕುವುದು. ಕೈಯಾಡದ ಹುಡುಗನೊಬ್ಬ ಕಣ್ಣಿನಿಂದ ಬಟ್ಟೆಗೆ ಅಚ್ಚೊತ್ತುವುದನ್ನು ಓದಿದಾಗ ಎರಡು ಕೈಯೂ ಬಿಸಿನೀರಿನಲ್ಲಿದ್ದು ಕಣ್ಣಿನಲ್ಲೇ ಕಾರಖಾನೆ ನಡೆಸಿದ ದೊಡ್ಡಪ್ಪ ನೆನಪಾದರು. ಯುದ್ಧವಿಮಾನ ಚಾಲಕರು ಕಾಕ್‌ಪಿಟ್‌ನ ಪರದೆಗಳನ್ನು ಕಣ್ಣಿನಿಂದ ನಡೆಸುವ ಬಗ್ಗೆಯೂ ಅದೇ ಪ್ರಯೋಗಾಲಯ ಕೆಲಸ ಮಾಡಿದೆ. ಬೆಂಕಿಯುಗುಳುವ ವಿಮಾನಕ್ಕೂ ಮಾತಿಲ್ಲದ ಮಗುವಿಗೂ ಒಂದೇ ವಿದ್ಯೆ.

ಕನ್ನಡದಲ್ಲಿ ಕಣ್ಣಿನಿಂದ ಬರೆಯುವುದು ನನ್ನ ರಟ್ಟಿನ ಕಾಲದ ತೊಡಕನ್ನು ಇನ್ನೂ ಹೊತ್ತಿದೆ. ನಲವತ್ತೊಂಬತ್ತು ಅಕ್ಷರ, ಅದರ ಮೇಲೆ ಕಾಗುಣಿತ, ಒತ್ತು. ಇವನ್ನೆಲ್ಲ ಒಂದೇ ಪರದೆಯಲ್ಲಿ ಹರಡಿದರೆ ಒಂದೊಂದು ಗುಂಡಿಯೂ ಕಣ್ಣು ನಿಲ್ಲಲಾರದಷ್ಟು ಚಿಕ್ಕದಾಗುತ್ತದೆ. ಕೈಬೆರಳಿನ ಕೀಲಿಮಣೆಗೆ ಈ ತೊಡಕನ್ನು ಕೆ. ಪಿ. ರಾವ್ ಅವರು ಬಿಡಿಸಿಕೊಟ್ಟರು. ವ್ಯಂಜನ ಮತ್ತು ಸ್ವರಗಳನ್ನು ಒಂದರ ನಂತರ ಒಂದು ಒತ್ತಿದರೆ ಸಾಕು, ಕಾಗುಣಿತವನ್ನು ಕಂಪ್ಯೂಟರೇ ಕೂಡಿಸಲಿ ಎಂಬ ತತ್ವ ಅವರದು. ಕಣ್ಣಿನ ಕೀಲಿಮಣೆಗೂ ಅದೇ ದಾರಿ, ಜೊತೆಗೆ ನಮ್ಮ ವರ್ಗಗಳ ಐದೈದರ ಕೋಷ್ಟಕ. 'ಕ ಳ ಲ ಲ' ಎಂದು ನೋಡಿದವನಿಗೆ 'ಕೇಳಲಿಲ್ಲ', 'ಕೊಳ್ಳಲಿಲ್ಲ' ಎರಡನ್ನೂ ತೋರಿಸಿ, ಯಾವುದು ನಿನ್ನ ಮಾತು ಎಂದು ಅವನನ್ನೇ ಕೇಳುವ ಯಂತ್ರ ಬೇಕು. ನಾನು ಮಾಡದೆ ಬಿಟ್ಟ ಕೆಲಸ ಅದು.

ಇತ್ತೀಚಿನ ವರ್ಷಗಳಲ್ಲಿ ಈ ಸಾಧನಗಳು ರೋಗಿಯ ಹಾಸಿಗೆಯನ್ನೂ ವಿಮಾನವನ್ನೂ ಬಿಟ್ಟು ಅಂಗಡಿಗೆ ಬಂದಿವೆ. ಗೂಗಲ್ ಸಂಸ್ಥೆ 2013ರಲ್ಲಿ ಕನ್ನಡಕದ ಮೂಲೆಗೆ ಪುಟ್ಟ ಪರದೆಯೊಂದನ್ನು ಅಂಟಿಸಿ 1,500 ಡಾಲರಿಗೆ ಮಾರಿತು. ಅದನ್ನು ತೊಟ್ಟವನು ತಮ್ಮ ಚಿತ್ರ ತೆಗೆಯುತ್ತಿದ್ದಾನೋ ಏನೋ ಎಂದು ಎದುರಿನವರು ಮುಜುಗರಪಟ್ಟರು. ಸಾಮಾನ್ಯರಿಗೆ ಮಾರುವುದು 2015ರ ಜನವರಿಯಲ್ಲಿ ನಿಂತಿತು. ಕಾರಖಾನೆಗಳಿಗೆಂದು ಉಳಿದಿದ್ದ ಮಾದರಿಯೂ 2023ರಲ್ಲಿ ನಿಂತಿತು. 2024ರ ಫೆಬ್ರವರಿಯಲ್ಲಿ ಆ್ಯಪಲ್ ಸಂಸ್ಥೆ 3,499 ಡಾಲರಿನ ತಲೆಸಾಧನವೊಂದನ್ನು ಅಮೆರಿಕದಲ್ಲಿ ಬಿಡುಗಡೆ ಮಾಡಿತು. ಅದರಲ್ಲಿ ಬೇಕಾದ್ದನ್ನು ನೋಡಬೇಕು, ಆಮೇಲೆ ಹೆಬ್ಬೆರಳಿಗೆ ತೋರುಬೆರಳು ತಾಕಿಸಬೇಕು. ನೋಟ ಗುರಿ, ಬೆರಳು ಒಪ್ಪಿಗೆ. ಅದೇ ವರ್ಷ ಅದರ ಫೋನುಗಳಿಗೂ ಕಣ್ಣಿನಿಂದ ನಡೆಸುವ ಸೌಲಭ್ಯ ಬಂತು. ಅಲ್ಲಿ ನೋಟ ಸ್ವಲ್ಪ ಹೊತ್ತು ನಿಂತರೆ ಆಜ್ಞೆ.

ಇವೆಲ್ಲ ಒಳ್ಳೆಯ ಸುದ್ದಿಯೇ. ಆದರೆ ಕಣ್ಣನ್ನು ಓದಬಲ್ಲ ಯಂತ್ರ ಆಜ್ಞೆಗಳನ್ನು ಮಾತ್ರ ಓದಿ ಸುಮ್ಮನಿರಬೇಕೆಂಬ ನಿಯಮವೇನಿಲ್ಲ. ಯಾವ ಸೀರೆಯ ಮೇಲೆ ಕಣ್ಣು ಅರೆಗಳಿಗೆ ಹೆಚ್ಚು ನಿಂತಿತು, ಯಾರ ಮುಖದಿಂದ ಸರಿಯಿತು, ಯಾವ ಸಾಲನ್ನು ಎರಡು ಸಲ ಓದಿತು, ಇವನ್ನೂ ಅದು ಅಳೆಯಬಲ್ಲದು. ನಾವು ಹೇಳಬೇಕೆಂದುಕೊಳ್ಳದ್ದನ್ನೂ ಕಣ್ಣು ಹೇಳಿಬಿಡುತ್ತದೆ. ನೋಡಿದೆಯಲ್ಲ, ಹಾಗಾದರೆ ನಿನಗೆ ಬೇಕು ಎಂದು ಯಾರಾದರೂ ನಮ್ಮ ಪರವಾಗಿ ತೀರ್ಮಾನಿಸಿದರೆ ಬೇಡವೆನ್ನಲು ನಮಗೆ ತೊಲೆ ಎಲ್ಲಿದೆ? ಮನೆಯ ಹಿತಕ್ಕೆಂದು, ಪ್ರೀತಿಯಿಂದಲೇ, ನಾನು ಮಾಡಿದ ತಪ್ಪನ್ನು ವ್ಯಾಪಾರಕ್ಕೆಂದು ಹೊರಟ ಯಂತ್ರ ಇನ್ನೂ ಸುಲಭವಾಗಿ ಮಾಡೀತು.

ವಿಮಾನ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು. ಚರಕದ ಮನೆಯಿದ್ದ ಜಾಗದಲ್ಲಿ ಈಗ ಅಂಗಡಿ ಸಾಲಿದೆ. ರಟ್ಟು ನನ್ನ ಬಳಿ ಇದೆ. ಮೂಲೆಗಳು ಮೆತ್ತಗಾಗಿವೆ, ಕವರ್ಗದ ಸಾಲಿನ ಮೇಲೆ ನನ್ನ ಬೆರಳಿನ ಜಿಡ್ಡು ಕಪ್ಪಗೆ ಕಾಣುತ್ತದೆ. ದೊಡ್ಡಮ್ಮನಿಗೆ ಈಗ ಕಿವಿ ಮಂದ. ನಾನು ಹೋದಾಗ ಏನಾದರೂ ಕೇಳಿದರೆ ಅವರು ಉತ್ತರ ಕೊಡುವ ಮೊದಲು ನನ್ನ ಮುಖ ನೋಡಿ ಕಾಯುತ್ತಾರೆ. ನಾನು ಅದೇ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳುತ್ತೇನೆ. ಕಾಫಿ ಬೇಕಾ? ಬೇಡ್ವಾ?